ಎಂಬತ್ತಕ್ಕೆ ಕೀಳುವ ಮಾವ

ನಮ್ಮ ಸೋದರಮಾವ ಕಳ್ಳರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಅವರು ಗುಬ್ಬಿಯಲ್ಲಿ ಬಸ್ಸು ಹತ್ತಿದರು ಎಂಬ ಸುದ್ದಿ ಸಿಕ್ಕಿದ ಕೂಡಲೇ ತುಮಕೂರಿನ ನಮ್ಮ ಮನೆಯಲ್ಲಿ ಎಲ್ಲರೂ ತಮ್ಮ ತಮ್ಮ ಫೋನು ಬಚ್ಚಿಡಲು ಜಾಗ ಹುಡುಕುತ್ತೇವೆ! ಮಗಳು ಬೀರುವಿನ ಹಿಂದಿನ ಪ್ಲಗ್ಗಿಗೆ ಓಡುತ್ತಾಳೆ. ನಾನು ದೇವರ ಮನೆಗೆ. ನಮ್ಮ ಯಜಮಾನರಂತೂ ಒಮ್ಮೆ ವಾಷಿಂಗ್ ಮಷೀನಿನ ಪ್ಲಗ್ಗಿಗೆ ಹಾಕಿ, ಕಾಣದಿರಲೆಂದು ಫೋನಿನ ಮೇಲೆ ಟವೆಲು ಮುಚ್ಚಿದ್ದರು. ಮಾವ ಕೈ ತೊಳೆಯಲು ಹೋದವರು ಟವೆಲಿಗೆ ಕೈ ಹಾಕಿದರು. ಆಮೇಲೆ ಕೇಳಬೇಕೇ!

“ಏನ್ ಅಳಿಯಂದ್ರೇ, ಜ್ವರ ಬಂದಿರೋದಕ್ಕೆ ಕಂಬ್ಳಿ ಬೇರೆ ಹೊದಿಸಿದೀರಲ್ಲ! ಮುಟ್ಟಿ ನೋಡಿ, ಮುಟ್ಟಿ ನೋಡಿ!”

ಮಾವ ಫೋನು ಕದಿಯುವುದಿಲ್ಲ. ಕೀಳುತ್ತಾರೆ. ಯಾರದ್ದೇ ಆಗಲಿ, ಎಲ್ಲೇ ಆಗಲಿ, ಚಾರ್ಜು ಎಂಬತ್ತು ಪರ್ಸೆಂಟ್ ಮುಟ್ಟಿತೋ, ವೈರು ಕಿತ್ತು ಕೈಗಿಟ್ಟು, “ಸಾಕು, ಹೊಟ್ಟೆ ತುಂಬ್ತು” ಎನ್ನುತ್ತಾರೆ. ನೂರಕ್ಕೆ ತುಂಬಿಸುವುದು ಬ್ಯಾಟರಿಗೆ ಮಾಡುವ ಹಿಂಸೆ. ಇಪ್ಪತ್ತಕ್ಕಿಂತ ಕೆಳಗಿಳಿಸುವುದು ಉಪವಾಸ ಕೆಡವಿದ ಪಾಪ. ಇನ್ನು ಫಾಸ್ಟ್ ಚಾರ್ಜಿಂಗ್? ಅದರ ಹೆಸರನ್ನು ಅವರೆದುರು ಎತ್ತುವಂತಿಲ್ಲ!

ಇದಕ್ಕೆಲ್ಲ ಮೂಲ ಅವರ ಕಸುಬು. ಕೆಲಸದಿಂದ ಇಳಿಯುವವರೆಗೂ ಮಾವ ಖಾಸಗಿ ಬಸ್ಸು ಓಡಿಸಿದವರು. ಗುಬ್ಬಿಯಿಂದ ಹೊರಟು ತುಮಕೂರು, ಕುಣಿಗಲ್ ಮೇಲೆ ಯಡಿಯೂರಿಗೆ ಹೋಗಿ ವಾಪಸ್ಸು ಬರುವುದು. ‘ಓಡಿಸಿದವರು’ ಎಂಬ ಮಾತನ್ನು ಸ್ವಲ್ಪ ಯೋಚಿಸಿಯೇ ಬಳಸಬೇಕು. ಆ ಬಸ್ಸು ಓಡಿದ್ದನ್ನು ಕಣ್ಣಾರೆ ಕಂಡವರು ಕಡಿಮೆ. ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಮಾಡಿ, ಅದು ಬೆಚ್ಚಗಾಗುವವರೆಗೆ ಗೇರಿಗೆ ಕೈ ಹಾಕುತ್ತಿರಲಿಲ್ಲ. ಏರು ಬಂದರೆ ಇಂಜಿನ್ನಿಗೆ ಸುಸ್ತಾಗುತ್ತದೆಂದು ಮಗ್ಗಿ ಕಲಿಯುವ ಮಗುವನ್ನು ಹುರಿದುಂಬಿಸುವ ಹಾಗೆ “ಹಾಂ, ಹಾಂ, ಇನ್ನೊಂಚೂರು” ಎನ್ನುತ್ತಿದ್ದರಂತೆ. ಒಮ್ಮೆ ಹಿಂದಿನ ಸೀಟಿನ ಯಾರೋ ಒಬ್ಬರು ಸಿಟ್ಟಿನಿಂದ, “ಡ್ರೈವರಣ್ಣ, ನಾನು ಮದ್ವೆಗೆ ಹೋಗ್ತಿದೀನಿ, ನಾಮಕರಣಕ್ಕಲ್ಲ” ಎಂದು ಕೂಗಿದರಂತೆ. ಮಾವ ಕನ್ನಡಿಯಲ್ಲೇ ಅವರನ್ನು ನೋಡಿ, “ಎರಡಕ್ಕೂ ಇದೇ ಬಸ್ಸು ಸ್ವಾಮಿ” ಎಂದರಂತೆ. ಆದರೆ ಒಂದು ಮಾತು ಒಪ್ಪಲೇಬೇಕು. ಅವರ ಕೈಯಲ್ಲಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದ್ದನ್ನು ಮಾತ್ರ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಅಂಥವರಿಗೆ ಹೊಸ ಫೋನು ಕೊಡಿಸಲು ನಾನೇ ತುಮಕೂರಿನ ಶಿರಾ ಗೇಟಿನ ಅಂಗಡಿಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಮಾವ–ಅತ್ತೆಗೆ ಮಕ್ಕಳಿಲ್ಲ. ಇಂಥ ಕೆಲಸಗಳಿಗೆಲ್ಲ ನಾನೇ ಮಗಳು. ಅಂಗಡಿಯವನು ಪೆಟ್ಟಿಗೆ ಬಿಚ್ಚಿ, ಇಟ್ಟಿಗೆಯಂಥ ಚಾರ್ಜರನ್ನು ಹೆಮ್ಮೆಯಿಂದ ಎತ್ತಿ ತೋರಿಸಿದ.

“ಫಾಸ್ಟ್ ಚಾರ್ಜಿಂಗ್ ಸಾರ್. ಅರ್ಧ ಗಂಟೇಲಿ ಫುಲ್ ಆಗೋಗುತ್ತೆ!”

ಮಾವ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. “ಅರ್ಧ ಗಂಟೇಲಿ ಫುಲ್ ಆಗೋದ್ರೆ, ಉಳಿದ್ ಟೈಮಲ್ಲಿ ನಾನೇನಪ್ಪ ಮಾಡ್ಲಿ?”

“ಟೈಮ್ ಉಳಿಯುತ್ತಲ್ಲ ಸಾರ್!”

“ಟೈಮು ನನ್ತಾವ ಬೇಕಾದಷ್ಟೈತೆ. ಬ್ಯಾಟ್ರಿ ಇರೋದು ಒಂದೇ.”

ಹೀಗೆ ಆ ಚಾರ್ಜರು ಗುಬ್ಬಿಯ ಮನೆಯ ಅಟ್ಟ ಸೇರಿತು. ಹಳೆಯ ಫೋನಿನ ಕಡ್ಡಿಪೆಟ್ಟಿಗೆಯಷ್ಟು ಪುಟ್ಟ ಚಾರ್ಜರೇ ಹೊಸದಕ್ಕೂ ಗಂಟುಬಿತ್ತು. ಚಾರ್ಜಿಗೆ ಹಾಕುವುದೂ ಸುಮ್ಮನೆ ಹಾಕುವ ಹಾಗಿಲ್ಲ. ಮೊದಲು ಫೋನಿನ ಕವರು ಬಿಚ್ಚಬೇಕು, ಅದಕ್ಕೆ ಸೆಕೆಯಾಗಬಾರದಲ್ಲ! ಆಮೇಲೆ ಫ್ಯಾನು ಹಾಕಬೇಕು. ಬೇಸಿಗೆಯಾದರೆ ಅಡುಗೆಮನೆಯ ಪ್ಲಗ್ಗಿಗೆ ಹಾಕಿ, ಕುಡಿಯುವ ನೀರಿನ ಮಡಕೆಯ ಮುಚ್ಚಳದ ಮೇಲೆ ತಣ್ಣಗೆ ಮಲಗಿಸಬೇಕು. ಮಲಗಿಸಿ, ಎದುರಿಗೆ ಮಣೆ ಹಾಕಿಕೊಂಡು ಕೂರುತ್ತಾರೆ. ಹಾಲು ಉಕ್ಕೀತೆಂದು ಒಲೆಯ ಮುಂದೆ ಕಾಯುವವರಿಗೂ ಅಷ್ಟು ತಾಳ್ಮೆ ಇರಲಿಕ್ಕಿಲ್ಲ.

ಚಾರ್ಜಿನ ಅಂಕಿ ಸದಾ ತಲೆಯಲ್ಲೇ ಓಡುತ್ತಿರುವುದರಿಂದ ಕೆಲವೊಮ್ಮೆ ಎಡವಟ್ಟಾಗುವುದೂ ಉಂಟು. ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಕಂಡಕ್ಟರೊಬ್ಬರು ಸಿಕ್ಕಿ, “ಹೆಂಗಿದೀರಣ್ಣ?” ಎಂದು ಕೇಳಿದರಂತೆ. ಮಾವ ಕೂಡಲೇ “ಅರವತ್ನಾಲ್ಕು” ಎಂದರಂತೆ. ಆ ಮನುಷ್ಯ ಊರಿಗೆಲ್ಲ ಹೇಳಿಕೊಂಡು ಬಂದ: “ಪಾಪ, ಅಣ್ಣಂಗೆ ವಯಸ್ಸಾಯ್ತು ಅಂತ ಒಪ್ಕಳಕ್ಕೆ ಮನ್ಸಿಲ್ಲ. ಹತ್ತು ವರ್ಷ ಕಮ್ಮಿ ಹೇಳ್ತಾರೆ!”

ಅತ್ತೆ ಮಾತ್ರ ಇದಕ್ಕೆಲ್ಲ ತದ್ವಿರುದ್ಧ. ನಡಿಗೆ ಚುರುಕು, ಮಾತು ಚುರುಕು, ಸಿಟ್ಟು ಅದಕ್ಕಿಂತ ಚುರುಕು. ಫೋನನ್ನು ಚಾರ್ಜಿಗೆ ಹಾಕಿ, ಅದೇ ವೈರಿನಲ್ಲಿ ನೇತಾಡುತ್ತಾ ಹೆಬ್ಬೂರಿನ ತಂಗಿಯ ಜೊತೆ ಸೊಸೆಯಂದಿರ ವಿಚಾರವೆಲ್ಲ ಮುಗಿಯುವವರೆಗೆ ಮಾತಾಡುತ್ತಾರೆ. ಮಾತು ಮುಗಿದ ಮೇಲೆ ಅದನ್ನೇ ದಿಂಬಿನ ಕೆಳಗಿಟ್ಟು ನಿದ್ದೆ. ಒಮ್ಮೆ ನಾನು ಹೋಗಿದ್ದಾಗ, ಅತ್ತೆ ಮಧ್ಯಾಹ್ನ ಮಲಗಿರುವಾಗ ಮಾವ ಬೆಕ್ಕಿನ ಹೆಜ್ಜೆಯಲ್ಲಿ ಬಂದು, ದಿಂಬಿನ ಅಡಿಯಿಂದ ಫೋನನ್ನು ಈಚೆಗೆಳೆದು, ಫ್ಯಾನನ್ನು ಅದರ ಕಡೆ ತಿರುಗಿಸಿದರು. ಅತ್ತೆಗೆ ಎಚ್ಚರವಾಯಿತು.

“ಏನ್ರೀ ಅದು?”

“ಬಿಸಿಯಾಗೈತೆ ಕಣೇ, ಒಂಚೂರು ಗಾಳಿ ಕೊಡ್ತಿದೀನಿ.”

ಅತ್ತೆ ಎದ್ದು ಕೂತರು. “ಮದ್ವೆಯಾದಾಗಿಂದ ನಾನ್ ಎಷ್ಟ್ ಸಲ ಬಿಸಿಯಾಗಿದೀನಿ! ಯಾವತ್ತಾದ್ರೂ ಒಂದಿನ ಗಾಳಿ ಹಾಕಿದೀರಾ?”

ಮಾವ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಇವಳದ್ದು ಫಾಸ್ಟ್ ಚಾರ್ಜಿಂಗು ಕಣಮ್ಮ. ಅರ್ಧ ನಿಮಿಷಕ್ಕೆ ಫುಲ್ಲು.”

ಆ ದಿನ ರಾತ್ರಿ ಮಾವನಿಗೆ ಬಡಿಸಿದ ಮುದ್ದೆ ಗಾತ್ರದಲ್ಲಿ ಎಷ್ಟಿತ್ತು ಎಂಬುದನ್ನು ನಾನು ಬರೆಯುವುದಿಲ್ಲ.

ಮನೆಯೊಳಗಿನ ವಿಚಾರ ಮನೆಯೊಳಗೇ ಇದ್ದಿದ್ದರೆ ಚೆನ್ನಾಗಿತ್ತು. ಕುಣಿಗಲ್ಲಿನಲ್ಲಿ ನಮ್ಮ ಯಜಮಾನರ ಕಡೆಯ ಒಂದು ಮದುವೆ. ಛತ್ರದಲ್ಲಿ ಮಂಟಪದ ಪಕ್ಕದ ಗೋಡೆಗೆ ಒಂದು ಉದ್ದನೆಯ ಪ್ಲಗ್ ಬೋರ್ಡು. ಅದರ ತುಂಬ ಫೋನುಗಳು, ಆಲದ ಮರದಲ್ಲಿ ಬಾವಲಿ ನೇತಾಡಿದ ಹಾಗೆ! ಮಾವನ ಕಣ್ಣು ಅದರ ಮೇಲೆ ಬಿದ್ದಾಗಲೇ ನಾನು ಅವರನ್ನು ಊಟದ ಮನೆಯ ಕಡೆ ಎಳೆದೊಯ್ಯಬೇಕಿತ್ತು. ನಾನು ಅತ್ತ ಯಾರಿಗೋ ಅರಿಸಿನ–ಕುಂಕುಮ ಕೊಟ್ಟು ಇತ್ತ ತಿರುಗುವಷ್ಟರಲ್ಲಿ ಮಾವ ಬೋರ್ಡಿನ ಮುಂದೆ ನಿಂತು ಒಂದೊಂದೇ ಫೋನಿನ ಮುಖ ನೋಡಿ, “ತೊಂಬತ್ತು, ಅಯ್ಯೋ! ತೊಂಬತ್ತಾರು, ರಾಮರಾಮ!” ಎನ್ನುತ್ತಾ ಕಿತ್ತು ಕಿತ್ತು ಕುರ್ಚಿಯ ಮೇಲೆ ಸಾಲಾಗಿ ಮಲಗಿಸುತ್ತಿದ್ದರು.

ಅಷ್ಟಕ್ಕೇ ನಿಲ್ಲಲಿಲ್ಲ. ಮಂಟಪದ ಕಡೆ ಮುಖ ಮಾಡಿ ಸ್ಟ್ಯಾಂಡಿನ ಮೇಲೆ ನಿಂತಿದ್ದ ಇನ್ನೊಂದು ಫೋನಿಗೂ ವೈರು ಸಿಕ್ಕಿಸಲಾಗಿತ್ತು. ಮುಟ್ಟಿ ನೋಡಿದರೆ ಕೆಂಡ! ಮಾವ ಅದನ್ನೂ ಕಿತ್ತು, ಕಿಟಕಿಯ ತಣ್ಣನೆಯ ಕಲ್ಲಿನ ಮೇಲೆ ಅಂಗಾತ ಮಲಗಿಸಿದರು. ಅದರಲ್ಲಿ ಮಸ್ಕತ್ತಿನಲ್ಲಿದ್ದ ಮದುಮಗಳ ಚಿಕ್ಕಪ್ಪನ ಮನೆಯವರೆಲ್ಲ ಕೂತು ಮದುವೆ ನೋಡುತ್ತಿದ್ದರು. ಗಟ್ಟಿಮೇಳ ಮೊಳಗಿ ತಾಳಿ ಕಟ್ಟುವ ಹೊತ್ತಿಗೆ ಅವರಿಗೆ ಕಂಡದ್ದು ಛತ್ರದ ಸೂರು, ಒಂದು ಫ್ಯಾನು, ಮತ್ತು ಬಗ್ಗಿ ನೋಡುತ್ತಿದ್ದ ನಮ್ಮ ಮಾವನ ಮೂಗು! “ಪಾಪ, ಎಷ್ಟ್ ಬಿಸಿಯಾಗೋಗಿದೀಯೋ, ಒಂದ್ ಗಳಿಗೆ ಸುಧಾರಿಸ್ಕೋ” ಎಂಬ ಮಾತೂ ಕೇಳಿಸಿತಂತೆ.

ಆ ಚಿಕ್ಕಪ್ಪ ಆಮೇಲೆ ಫೋನು ಮಾಡಿದರು. ಬೈಸಿಕೊಳ್ಳಲು ನಾನು ತಯಾರಾಗಿಯೇ ಎತ್ತಿಕೊಂಡೆ. ಅವರು ನಗುತ್ತಾ, “ತಾಳಿ ಕಟ್ಟಿದ್ದು ನೋಡಕ್ಕಾಗ್ಲಿಲ್ಲ ಬಿಡಿ. ಇಲ್ಲಿ ನಲವತ್ತೈದು ಡಿಗ್ರಿ ಬಿಸಿಲು. ಆದ್ರೆ ನಮ್ಮನ್ನ ಅಷ್ಟು ಪ್ರೀತಿಯಿಂದ ಇಲ್ಲೀವರ್ಗೂ ಯಾರೂ ವಿಚಾರಿಸಿರ್ಲಿಲ್ಲ!” ಎಂದರು.

ಇಂಜಿನಿಯರಿಂಗ್ ಓದುವ ನನ್ನ ಮಗಳಿಗೆ ಮಾತ್ರ ಇದು ಪ್ರತಿಷ್ಠೆಯ ಪ್ರಶ್ನೆ. ಒಂದು ಭಾನುವಾರ ಮಾವ–ಅತ್ತೆ ಇಬ್ಬರೂ ನಮ್ಮಲ್ಲಿಗೆ ಬಂದಿದ್ದಾಗ, ಎಲ್ಲವನ್ನೂ ಓದಿ ತಿಳಿದುಕೊಂಡು ತಾತನ ಎದುರು ಕೂತಳು.

“ತಾತ, ಫಾಸ್ಟ್ ಚಾರ್ಜಿಂಗ್‌ನಿಂದ ನೀವು ಅಂದ್ಕೊಂಡಷ್ಟು ಬೇಗ ಬ್ಯಾಟ್ರಿ ಹಾಳಾಗಲ್ಲ. ಖಾಲಿ ಇದ್ದಾಗ ಜೋರಾಗಿ ಹೋಗುತ್ತೆ, ತುಂಬ್ತಾ ಬಂದಂಗೆ ಫೋನೇ ನಿಧಾನ ಮಾಡ್ಕೊಳುತ್ತೆ. ಹಾಳ್ಮಾಡೋದು ಸ್ಪೀಡಲ್ಲ, ಬಿಸಿ.”

“ನಾನು ಹೇಳಿದ್ದೂ ಅದನ್ನೇ ಅಲ್ವೇನಮ್ಮ.”

“ನೀವು ಫಾಸ್ಟ್ ಚಾರ್ಜರೇ ಬೇಡ ಅಂದ್ರಿ!”

“ಬಿಸಿ ಬೇಡ ಅಂದೆ. ಬಿಸಿ ತರೋನೂ ಬೇಡ ಅಂದೆ. ಸರಿ, ನೂರು ತುಂಬಿಸಿ ಹಂಗೇ ಬುಟ್ಬುಡೋದು?”

“ಅದು... ಅಷ್ಟು ಒಳ್ಳೇದಲ್ಲ. ಯಾವಾಗ್ಲೂ ಫುಲ್ ಇಟ್ರೂ ಸವೆಯುತ್ತೆ, ಪೂರ್ತಿ ಖಾಲಿ ಬಿಟ್ರೂ ಸವೆಯುತ್ತೆ.”

ಮಾವ ವಿಧಾನಸಭೆ ಚುನಾವಣೆಯಲ್ಲಿ ಗೆದ್ದವರ ಹಾಗೆ ಸುತ್ತ ನೋಡಿದರು. ಮಗಳು ಬಿಡಲಿಲ್ಲ: “ಆದ್ರೆ ಮಡಕೆ ಮೇಲೆ ಇಡೋದು ತಪ್ಪು ತಾತ. ಕರೆಂಟು, ನೀರು, ಫೋನು ಮೂರೂ ಒಟ್ಟಿಗಾ?” ಈಗ ಅವಳು ಸುತ್ತ ನೋಡಿದಳು.

ಕಡಲೆಕಾಯಿ ಬಿಡಿಸುತ್ತಿದ್ದ ಅತ್ತೆ ಕೇಳಿದರು: “ಅಲ್ಲ ಕಣೇ, ಒಟ್ಟಿನಲ್ಲಿ ಗೆದ್ದೋರ್ಯಾರು?”

“ಇಬ್ರೂ ಅಜ್ಜಿ.”

“ಹಂಗಾದ್ರೆ ಸೋತೋಳು ನಾನೇ ಬುಡು. ಇವ್ರ್ ಜೊತೆ ಊರಿಗ್ ಹೋಗ್ಬೇಕಾದೋಳು ನಾನಲ್ವಾ!”

ಇಷ್ಟು ನಕ್ಕ ಮೇಲೆ ಇನ್ನೊಂದು ವಿಷಯವನ್ನೂ ಹೇಳಬೇಕು.

ಹೋದ ಬೇಸಿಗೆಯಲ್ಲಿ ಅತ್ತೆಗೆ ಪಿತ್ತಕೋಶದಲ್ಲಿ ಕಲ್ಲು ಎಂದು ತುಮಕೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಆಪರೇಷನ್ನೇನೋ ಸಲೀಸಾಗಿ ಮುಗಿಯಿತು. ಆಮೇಲೆ ಜ್ವರ ಹಿಡಿದುಕೊಂಡಿತು. ಒಳಗೆ ಸೋಂಕಾಗಿದೆ ಎಂದರು. ಔಷಧಿ ಬದಲಿಸಿದರು, ಡ್ರಿಪ್ ಏರಿಸಿದರು. ಅತ್ತೆ ದಿನದಿಂದ ದಿನಕ್ಕೆ ಮಂಕಾಗುತ್ತಾ ಹೋದರು. ಗಂಜಿ ಬಾಯಿಗಿಟ್ಟರೆ ತುಟಿ ಬಿಗಿಹಿಡಿಯುತ್ತಿದ್ದರು. ಕರೆದರೆ ಓ ಎನ್ನುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡು ಮಲಗಿರುವುದು, ಅಷ್ಟೇ. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, “ಔಷಧಿ ನಾವು ಕೊಡ್ತಿದೀವಿ. ಆದ್ರೆ ಅವ್ರು ಹೊಟ್ಟೆಗೆ ಏನಾದ್ರೂ ತಗೋಬೇಕಮ್ಮ. ಮಾತಾಡಿಸ್ತಾ ಇರಿ, ಹೀಗೇ ಬಿಡ್ಬೇಡಿ” ಎಂದರು.

ಹೆಂಗಸರ ವಾರ್ಡು. ನೋಡಲು ಬಿಡುವ ಹೊತ್ತು ಬಿಟ್ಟರೆ ಗಂಡಸರಿಗೆ ಪ್ರವೇಶವಿಲ್ಲ. ಒಳಗೆ ನಾನಿರುತ್ತಿದ್ದೆ. ಮಾವ ಹೊರಗೆ ಮೆಟ್ಟಿಲ ಹತ್ತಿರದ ಬೆಂಚಿನ ಮೇಲೆ ಒಂದು ಬಟ್ಟೆಯ ಚೀಲ ಇಟ್ಟುಕೊಂಡು ಕೂತಿರುತ್ತಿದ್ದರು. ಒಂದು ದಿನ ಬೆಳಿಗ್ಗೆ ಒಳಗೆ ಬಿಟ್ಟಾಗ ಬಂದರು, ಹಾಸಿಗೆಯ ಕಾಲಿನ ಕಡೆ ನಿಂತು “ಏನೇ...” ಎಂದರು. ಇನ್ನೊಮ್ಮೆ ಕರೆದರು. ಅತ್ತೆ ಕಣ್ಣು ತೆರೆದು ಅವರನ್ನು ಮೇಲಿಂದ ಕೆಳಗಿನವರೆಗೂ ನೋಡಿ, ಮತ್ತೆ ಮುಚ್ಚಿಕೊಂಡರು. ಮಾವ ಹೊರಗೆ ಬಂದು, ಹಿಂದೆಯೇ ಬಂದ ನನ್ನ ಕೈ ಹಿಡಿದುಕೊಂಡರು.

“ಬೈಯ್ಲಿಲ್ಲ ಕಣಮ್ಮ. ಚಪ್ಲಿ ಹಾಕ್ಕಂಡೇ ಒಳೀಕ್ ಹೋಗಿದ್ದೆ. ನೋಡುದ್ಲು. ನೋಡುದ್ರೂ ಬೈಯ್ಲಿಲ್ಲ.”

ಅವರನ್ನು ಬೆಂಚಿನ ಮೇಲೆ ಕೂರಿಸಿದೆ. ಕೂತವರೇ, “ಅವಳ್ ಫೋನ್ ಅವಳ್ ಕಿವಿತಾವ ಇಡು. ನಾನ್ ಇಲ್ಲಿಂದ ಮಾತಾಡ್ತೀನಿ. ಮುಖ ಕಾಣೋ ಹಂಗೆ ಹಾಕು” ಎಂದರು.

ವೀಡಿಯೊ ಕಾಲ್ ಹಾಕಿ ದಿಂಬಿಗೆ ಒರಗಿಸಿಟ್ಟೆ. ಮಾವ ಪರದೆಯಲ್ಲಿ ಕಾಣಿಸಿಕೊಂಡು ಬಾಯಿ ತೆರೆದರು, ಮುಚ್ಚಿದರು. ಇಷ್ಟು ವರ್ಷ ಮಾತೆಲ್ಲ ಅತ್ತೆಯದು, ಅದಕ್ಕೊಂದು ಒಗ್ಗರಣೆ ಹಾಕುವುದಷ್ಟೇ ಇವರ ಕೆಲಸ. ತಾವಾಗಿ ಹೆಂಡತಿಯ ಜೊತೆ ಮಾತು ಶುರು ಮಾಡುವುದು ಹೇಗೆಂದೇ ಅವರಿಗೆ ಗೊತ್ತಿರಲಿಲ್ಲವೇನೋ. ಕೊನೆಗೆ ಹೇಳಿದರು: “ರೈಟ್... ಗುಬ್ಬಿ ಬಿಡ್ತು ಕಣೇ.”

ಅವರಿಗೆ ಬರುತ್ತಿದ್ದದ್ದು ಅದೊಂದೇ ದಾರಿ. ಮದುವೆಯಾದ ಹೊಸತರಲ್ಲಿ ಅತ್ತೆ ಬಿಡುವಾದಾಗಲೆಲ್ಲ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತು ಯಡಿಯೂರಿನವರೆಗೆ ಹೋಗಿ ಬರುತ್ತಿದ್ದರು ಎಂಬುದು ನನಗೆ ಗೊತ್ತಾದದ್ದೇ ಅವತ್ತು. “ನೀನು ಹಿಂದ್ಗಡೆ ಸೀಟಲ್ಲಿ ಕೂತಿದೀಯ. ಕಿಟಕಿ ಪಕ್ಕ. ಹಸ್ರು ಸೀರೆ. ಮಲ್ಲಸಂದ್ರ ಬಂತು. ಹೂವಿನ್ ಬುಟ್ಟಿ ಹತ್ತಿಸ್ತಾವ್ರೆ, ಒಂಚೂರು ತಡಿ...” ಎಂದು ಹೇಳುತ್ತಾ ಹೋದರು. ಎಷ್ಟು ನಿಧಾನವೆಂದರೆ, ನಿಜವಾದ ಬಸ್ಸೇ ಅದಕ್ಕಿಂತ ಬೇಗ ಹೋದೀತು!

ನರ್ಸ್ ಡ್ರಿಪ್ ಬದಲಿಸಲು ಬಂದಾಗ ನಾನು ಹೊರಗೆ ಇಣುಕಿದೆ. ಮಾವ ಬೆಂಚಿನಿಂದ ಎದ್ದು ಗೋಡೆಯ ಪ್ಲಗ್ಗಿನ ಹತ್ತಿರ ನೆಲದ ಮೇಲೆ ಕೂತಿದ್ದರು. ಪುಟ್ಟ ಚಾರ್ಜರು ಹಾಕಿದ್ದರೂ ಫೋನಿನ ಚಾರ್ಜು ಇಳಿಯುತ್ತಲೇ ಇತ್ತು. ಅದು ತುಂಬುವುದಕ್ಕಿಂತ ವೀಡಿಯೊ ಕಾಲ್ ಕುಡಿಯುವುದೇ ಹೆಚ್ಚು. ಪಕ್ಕದಲ್ಲಿ ಶಿರಾ ಗೇಟಿನ ಕಡೆ ಬೇಕರಿ ನಡೆಸುವ ಸಾಬರೊಬ್ಬರಿದ್ದರು. ಅವರ ಬೀಬಿ ನಮ್ಮ ಪಕ್ಕದ ಹಾಸಿಗೆಯಲ್ಲೇ ಇದ್ದರು. ಅವರು ತಮ್ಮ ಚೀಲದಿಂದ ಒಂದು ದಪ್ಪ ಚಾರ್ಜರು ತೆಗೆದರು.

“ಚಾಚಾ, ಇದ್ ಹಾಕ್ಕೊಳ್ಳಿ. ನಿಮ್ ಫೋನಿಗೂ ಆಗುತ್ತೆ, ಫಾಸ್ಟು. ಆದ್ರೆ ಮಾತಾಡ್ತಾ ಹಾಕಿದ್ರೆ ಭಾಳ ಬಿಸಿ...”

ಅವರು ಮಾತು ಮುಗಿಸುವ ಮೊದಲೇ ಮಾವ ಅದನ್ನು ಕೈಯಿಂದ ಇಸಿದುಕೊಂಡು ಗೋಡೆಗೆ ಚುಚ್ಚಿದ್ದರು. “ಆಗ್ಲಿ ಬುಡಪ್ಪಾ. ಹೋದ್ರೆ ಬ್ಯಾಟ್ರಿ ಹೋಗುತ್ತೆ.”

ಇನ್ನೊಮ್ಮೆ ಗಂಜಿ ತರಲು ಹೊರಗೆ ಬಂದಾಗಲೂ ಬಸ್ಸು ಹೋಗುತ್ತಲೇ ಇತ್ತು. ಕಾದ ಫೋನನ್ನು ಈ ಕೈಯಿಂದ ಆ ಕೈಗೆ, ಕೆಂಡದಲ್ಲಿ ಸುಟ್ಟ ಮುಸುಕಿನ ಜೋಳದ ಹಾಗೆ ಬದಲಾಯಿಸುತ್ತಿದ್ದರು. ಆದರೂ ಕಣ್ಣು ಹೆಂಡತಿಯ ಮುಖದಿಂದ ಕದಲಿರಲಿಲ್ಲ. ನನ್ನ ಕಣ್ಣು ಮಾತ್ರ ಅಭ್ಯಾಸಬಲದಿಂದ ಪರದೆಯ ಮೂಲೆಗೆ ಹೋಯಿತು.

“ಮಾವ, ಎಂಬತ್ತು ದಾಟಿದೆ.”

“ನೀನ್ ಒಳಗ್ ಹೋಗಮ್ಮ, ಅವಳೊಬ್ಳೇ ಅವ್ಳೆ” ಎಂದರು. ಅಂಕಿಯ ಕಡೆ ನೋಡಲೇ ಇಲ್ಲ.

ಒಳಗೆ ಬಂದು ಗಂಜಿಯ ಲೋಟ ಹಿಡಿದು ಕೂತೆ. ಫೋನಿನಲ್ಲಿ ಮಾವ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿದರು, ಟೈರಿನ ಗಾಳಿ ನೋಡಿದರು, ಕುಣಿಗಲ್ ರಸ್ತೆಗೆ ತಿರುಗಿದರು. “ಹಾಂ, ಹೆಬ್ಬೂರು ಬಂತು ನೋಡು. ನಿಮ್ಮೂರು. ನಿಮ್ಮಪ್ಪ ನಿಂತವ್ರೆ, ಕೈಯಲ್ಲಿ ಎಳನೀರು...”

ಅತ್ತೆಯ ತುಟಿ ಅಲುಗಿತು. ನಾನು ಬಗ್ಗಿದೆ.

“ಗೂಳೂರು” ಎಂದರು.

“ಏನತ್ತೆ?”

ಅತ್ತೆ ಕಣ್ಣು ತೆರೆದರು. ಹುಬ್ಬು ಗಂಟಿಕ್ಕಿತ್ತು. “ಗೂಳೂರಲ್ಲಿ ನಿಲ್ಲಿಸ್ಲೇ ಇಲ್ಲ. ಜನ ಕಾಯ್ತಾವ್ರೆ. ಹೇಳು ಅವ್ರಿಗೆ.”

ನಾನು ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದೆ. “ನೀವೇ ಹೇಳಿ ಅತ್ತೆ.”

“ರೀ” ಎಂದರು ಅತ್ತೆ, ತೆಳ್ಳಗಿನ ದನಿಯಲ್ಲಿ. “ಗೂಳೂರು ಬಿಟ್ಬಿಟ್ರಿ. ಎತ್ತಗಿಟ್ಕೊಂಡಿದೀರ ಗ್ಯಾನ?”

ಪರದೆಯಲ್ಲಿ ಮಾವನ ಮುಖ ಕಾಣೆಯಾಯಿತು. ಬರೀ ಆಸ್ಪತ್ರೆಯ ಗೋಡೆ ಕಾಣುತ್ತಿತ್ತು. ಮೂಗು ಸೊರಗುಟ್ಟಿದ ಸದ್ದು ಕೇಳಿಸಿತು. “ಏನೂ ಇಲ್ಲ ಚಾಚಾ, ಏನೂ ಇಲ್ಲ” ಎಂದು ಬೇಕರಿಯವರು ಯಾರನ್ನೋ ಸಂತೈಸುತ್ತಿದ್ದರು. ಆಮೇಲೆ ಮಾವನ ದನಿ ಬಂತು: “ತಪ್ಪಾಯ್ತು ಕಣೇ. ಇರು, ವಾಪಸ್ ತಿರುಗಿಸ್ತೀನಿ.”

ಜ್ವರ ಪೂರ್ತಿ ಇಳಿಯಲು ಇನ್ನೂ ಕೆಲವು ದಿನ ಬೇಕಾಯಿತು. ಹೊಲಿಗೆ ಮಾಗಿ, ಅತ್ತೆ ಗುಬ್ಬಿಗೂ ಹೋದರು. ಅಲ್ಲಿ ಎಲ್ಲವೂ ಯಥಾಪ್ರಕಾರ ಗದ್ದಲದಿಂದ ನಡೆದಿದೆ. ಆದರೆ ಆ ಇಬ್ಬರನ್ನು ನೆನೆದಾಗ ನನಗೆ ಮೊದಲು ಕೇಳಿಸುವುದು ಆ ಮಧ್ಯಾಹ್ನದ ಮಾತೇ.

“ಗೂಳೂರು ಬಂತು” ಎಂದರು ಮಾವ. “ಎಲ್ರೂ ಹತ್ತಿದ್ರಾ ನೋಡು.”

ಅತ್ತೆ ಸ್ವಲ್ಪ ಹೊತ್ತು ಕಾದರು. ನಾನು ಹಿಡಿದಿದ್ದ ಚಮಚದ ಕಡೆ ನೋಡಿ ಬಾಯಿ ತೆರೆದರು, ಗಂಜಿ ನುಂಗಿದರು, ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡರು.

“ಹತ್ತಿದ್ರು” ಎಂದರು. “ಹೊರಡಿ. ನಿಧಾನಕ್ಕೆ.”